ಸೋಡಾ ನೀರು ಕೊಟ್ಟ ಜೋಸೆಫ್ ಪ್ರೀಸ್ಟ್ಲಿ

ಮಕ್ಕಳೇ, ಜಾತ್ರೆಯಲ್ಲಿ ಗೋಲಿ ಸೋಡಾ ಮಾರುವುದನ್ನು ನೋಡಿದ್ದೀರಾ? ಅಂಗಡಿಯವರು ಸೀಸೆಯ ಬಾಯಲ್ಲಿ ಕುಳಿತಿರುವ ಗಾಜಿನ ಗೋಲಿಯನ್ನು ಒಳಕ್ಕೆ ಒತ್ತುತ್ತಾರೆ. ಟುಸ್ ಎಂಬ ಸದ್ದು! ಅಲ್ಲಿಯವರೆಗೆ ಸುಮ್ಮನಿದ್ದ ನೀರಿನಲ್ಲಿ ಸಾವಿರಾರು ಗುಳ್ಳೆಗಳು ಬುಳುಬುಳು ಏಳುತ್ತವೆ. ಒಂದು ಗುಟುಕು ಕುಡಿದರೆ ನಾಲಿಗೆ ಚುರುಗುಟ್ಟುತ್ತದೆ. ಸ್ವಲ್ಪ ಹೊತ್ತಿಗೆ ತೇಗು ಬರುತ್ತದೆ.

ಈ ಗುಳ್ಳೆಗಳು ನೀರಿನೊಳಗೆ ಹೋದದ್ದು ಹೇಗೆ? ಅವನ್ನು ಮೊದಲು ನೀರಿಗೆ ಸೇರಿಸಿದವರು ಯಾರು? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ನಾವು ಇನ್ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ, ಇಂಗ್ಲೆಂಡಿನ ಲೀಡ್ಸ್ ಎಂಬ ಊರಿಗೆ ಹೋಗಬೇಕಾಗುತ್ತದೆ. ಅಲ್ಲಿ ನಮಗೆ ಸಿಗುವವರು ಜೋಸೆಫ್ ಪ್ರೀಸ್ಟ್ಲಿ. ಅವರು ವೃತ್ತಿಯಿಂದ ಚರ್ಚಿನ ಬೋಧಕರು ಮತ್ತು ಶಿಕ್ಷಕರು. ವಿಜ್ಞಾನವನ್ನು ಯಾವ ಕಾಲೇಜಿನಲ್ಲಿಯೂ ವಿಶೇಷವಾಗಿ ಕಲಿತವರಲ್ಲ. ಆದರೂ ಗಾಳಿಯ ಬಗ್ಗೆ ಜಗತ್ತು ತಿಳಿದಿದ್ದನ್ನು ಬದಲಿಸಿದರು. ತಿಳಿದುಕೊಂಡದ್ದನ್ನು ಮುಚ್ಚಿಡದೆ ಎಲ್ಲರಿಗೂ ಹೇಳುವುದು ಅವರ ಸ್ವಭಾವ. ಆ ಸ್ವಭಾವಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ.

ತೊದಲು ಮಾತಿನ ಹುಡುಗ

ಜೋಸೆಫ್ ಹುಟ್ಟಿದ್ದು 1733ರ ಮಾರ್ಚ್ ತಿಂಗಳಲ್ಲಿ, ಲೀಡ್ಸ್ ಹತ್ತಿರದ ಬರ್ಸ್ಟಾಲ್ ಎಂಬಲ್ಲಿ. ತಂದೆಯದು ನೇಯ್ದ ಉಣ್ಣೆ ಬಟ್ಟೆಯನ್ನು ಹದಗೊಳಿಸುವ ಕೆಲಸ. ಆರು ಮಕ್ಕಳಲ್ಲಿ ಜೋಸೆಫನೇ ಹಿರಿಯ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಮುಂದೆ ಮಕ್ಕಳಿಲ್ಲದ ಸೋದರತ್ತೆಯೊಬ್ಬರು ಅವನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಸಾಕಿದರು.

ಹುಡುಗನಿಗೆ ಮಾತು ತೊದಲುತ್ತಿತ್ತು. ಹದಿಹರೆಯದಲ್ಲಿ ಕಾಯಿಲೆ ಬಿದ್ದು ಶಾಲೆಯನ್ನೂ ಬಿಡಬೇಕಾಯಿತು. ಆದರೆ ಕಲಿಯುವುದನ್ನು ಮಾತ್ರ ಬಿಡಲಿಲ್ಲ. ಲ್ಯಾಟಿನ್, ಗ್ರೀಕ್, ಹೀಬ್ರೂ, ಫ್ರೆಂಚ್, ಇಟಾಲಿಯನ್, ಜರ್ಮನ್ ಹೀಗೆ ಒಂದರ ಹಿಂದೆ ಒಂದು ಭಾಷೆ ಕಲಿತನು. ತೊದಲು ಅವನನ್ನು ಜೀವನಪೂರ್ತಿ ಕಾಡಿತು. ಹಾಗಿದ್ದರೂ ಆತ ಆರಿಸಿಕೊಂಡದ್ದು ಜನರ ಮುಂದೆ ನಿಂತು ಮಾತನಾಡುವ ಬೋಧಕ ವೃತ್ತಿಯನ್ನೇ!

ಪ್ರಯೋಗ ಮಾಡುವ ಮೇಷ್ಟ್ರು

1758ರಲ್ಲಿ ಪ್ರೀಸ್ಟ್ಲಿಯವರು ನ್ಯಾಂಟ್‌ವಿಚ್ ಎಂಬ ಊರಿಗೆ ಬೋಧಕರಾಗಿ ಬಂದರು. ಅಲ್ಲಿಯೇ ಒಂದು ಶಾಲೆ ತೆರೆದರು. ಶಾಲೆಯಲ್ಲಿ ಸುಮಾರು ಮೂವತ್ತು ಹುಡುಗರಿದ್ದರು. ಬೇರೆ ಕೋಣೆಯಲ್ಲಿ ಐದಾರು ಹುಡುಗಿಯರಿಗೂ ಪಾಠ ನಡೆಯುತ್ತಿತ್ತು. ಹಣ ಉಳಿಸಿ ಅವರು ಒಂದು ವಾಯುರೇಚಕ ಪಂಪನ್ನೂ ವಿದ್ಯುತ್ ಉಂಟುಮಾಡುವ ಒಂದು ಯಂತ್ರವನ್ನೂ ಶಾಲೆಗೆ ಕೊಂಡರು. ಅವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಲಿಲ್ಲ. ದೊಡ್ಡ ತರಗತಿಯ ಮಕ್ಕಳ ಕೈಗೇ ಕೊಟ್ಟರು. ಮಕ್ಕಳು ಯಂತ್ರಗಳನ್ನು ನಡೆಸುವುದನ್ನು ಕಲಿತು, ತಂದೆ ತಾಯಿಯರನ್ನು ಕರೆದು ಪ್ರಯೋಗ ತೋರಿಸುತ್ತಿದ್ದರು. ಆ ಕಾಲಕ್ಕೆ ಇದು ಅಪರೂಪದ ಸಂಗತಿ.

ನಂತರ ವಾರಿಂಗ್ಟನ್ ಊರಿನ ವಿದ್ಯಾಲಯದಲ್ಲಿ ಅಧ್ಯಾಪಕರಾದರು. 1762ರಲ್ಲಿ ಮೇರಿ ವಿಲ್ಕಿನ್‌ಸನ್ ಅವರನ್ನು ಮದುವೆಯಾದರು. ಲಂಡನ್ನಿಗೆ ಹೋಗಿದ್ದಾಗ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಪರಿಚಯವಾಯಿತು. ಮಿಂಚು ಎಂದರೆ ವಿದ್ಯುತ್ತೇ ಎಂದು ತೋರಿಸಿದ ಫ್ರಾಂಕ್ಲಿನ್ ಅವರ ಪ್ರೋತ್ಸಾಹದಿಂದ ಪ್ರೀಸ್ಟ್ಲಿ ವಿದ್ಯುತ್ತಿನ ಚರಿತ್ರೆಯನ್ನು ಬರೆದರು. 1766ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಪಕ್ಕದ ಕಟ್ಟಡದ ದೊಡ್ಡ ತೊಟ್ಟಿ

1767ರಲ್ಲಿ ಪ್ರೀಸ್ಟ್ಲಿ ಕುಟುಂಬ ಲೀಡ್ಸ್ ಊರಿಗೆ ಬಂದಿತು. ಅವರಿಗೆ ಸಿಕ್ಕ ಮನೆಯ ಪಕ್ಕದಲ್ಲಿಯೇ ಬಾರ್ಲಿಯನ್ನು ಹುದುಗಿಸಿ ಬಿಯರ್ ತಯಾರಿಸುವ ಕಾರ್ಖಾನೆ ಇತ್ತು. ಬೇರೆ ಯಾರಾದರೂ ಆಗಿದ್ದರೆ ಹುಳಿ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ! ಪ್ರೀಸ್ಟ್ಲಿ ಮಾತ್ರ ಒಳಗೆ ಹೋಗಿ ತೊಟ್ಟಿಗಳನ್ನು ಬಗ್ಗಿ ನೋಡತೊಡಗಿದರು.

ನಿಮ್ಮ ಮನೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತದೆ ಅಲ್ಲವೇ? ಹಿಟ್ಟಿನೊಳಗಿನ ಸೂಕ್ಷ್ಮಜೀವಿಗಳು ಬಿಡುವ ಅನಿಲವೇ ಅದಕ್ಕೆ ಕಾರಣ. ಬಾರ್ಲಿಯ ತೊಟ್ಟಿಯಲ್ಲಿಯೂ ಅಂಥದೇ ಕೆಲಸ ನಡೆಯುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಬಳಸಿಕೊಂಡು ಅನಿಲವನ್ನು ಹೊರಬಿಡುತ್ತದೆ.

ಪ್ರೀಸ್ಟ್ಲಿ ಒಂದು ಉರಿಯುವ ಕಡ್ಡಿಯನ್ನು ತೊಟ್ಟಿಯೊಳಗೆ ನಿಧಾನವಾಗಿ ಇಳಿಸಿದರು. ದ್ರವದ ಮೇಲೆ ಸುಮಾರು ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರಕ್ಕೆ ಬಂದಾಗ ಅದು ಆರಿಹೋಯಿತು. ಆರಿದ ಕಡ್ಡಿಯ ಹೊಗೆ ಮೇಲಕ್ಕೆ ಏರಲಿಲ್ಲ. ಆ ಅನಿಲದಲ್ಲಿ ಬೆರೆತು, ತೊಟ್ಟಿಯ ಅಂಚಿನಿಂದ ಹೊರಬಂದು ನೆಲದ ಕಡೆಗೆ ಇಳಿಯಿತು. ಇದರಿಂದ ಎರಡು ವಿಷಯ ತಿಳಿಯಿತು. ಒಂದು, ಆ ಅನಿಲ ಬೆಂಕಿಯನ್ನು ಆರಿಸುತ್ತದೆ. ಎರಡು, ಅದು ಸಾಮಾನ್ಯ ಗಾಳಿಗಿಂತ ಭಾರವಾಗಿದೆ.

ಈ ಅನಿಲವನ್ನು ಕೆಲವು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಗುರುತಿಸಿದ್ದರು. ಸುಣ್ಣದ ಕಲ್ಲಿನಂಥ ವಸ್ತುಗಳಲ್ಲಿ ಸ್ಥಿರವಾಗಿ ಸೇರಿಕೊಂಡಿರುವ ಗಾಳಿ ಎಂಬ ಅರ್ಥದಲ್ಲಿ ಅದನ್ನು ಸ್ಥಿರವಾಯು ಎಂದು ಕರೆಯುತ್ತಿದ್ದರು. ನಾವು ಇಂದು ಅದನ್ನು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ನಾವು ಉಸಿರು ಬಿಟ್ಟಾಗ ಹೊರಬರುವ ಅನಿಲಗಳಲ್ಲಿ ಇದೂ ಇದೆ. ಇದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ.

ನೀರಿಗೆ ಜೀವ ಬಂತು

ಪ್ರೀಸ್ಟ್ಲಿ ಇನ್ನೊಂದು ಪ್ರಯೋಗ ಮಾಡಿದರು. ಎರಡು ಲೋಟಗಳನ್ನು ಹಿಡಿದು, ತೊಟ್ಟಿಯೊಳಗಿನ ಅನಿಲದ ಪದರದಲ್ಲಿಯೇ ನೀರನ್ನು ಒಂದರಿಂದ ಇನ್ನೊಂದಕ್ಕೆ ಹಲವು ಸಲ ಸುರಿದರು. ನಾವು ಬಿಸಿ ಹಾಲನ್ನು ಆರಿಸುತ್ತೇವಲ್ಲ, ಹಾಗೆಯೇ. ಕೆಲವೇ ನಿಮಿಷಗಳಲ್ಲಿ ನೀರಿಗೆ ಹಿತವಾದ ಹುಳಿ, ನಾಲಿಗೆಗೆ ಚುರುಕು ಬಂದಿತ್ತು. ಕೆಲವು ಬುಗ್ಗೆಗಳಲ್ಲಿ ನೆಲದಿಂದಲೇ ಗುಳ್ಳೆಯೇಳುವ ಖನಿಜ ನೀರು ಸಿಗುತ್ತದೆ. ಶ್ರೀಮಂತರು ಅಂಥ ನೀರನ್ನು ಔಷಧಿಯೆಂದು ದೂರದಿಂದ ತರಿಸಿ ಕುಡಿಯುತ್ತಿದ್ದರು. ಅದರ ರುಚಿ ಈಗ ಒಂದು ಲೋಟ ಸಾಮಾನ್ಯ ನೀರಿಗೆ ಬಂದಿತ್ತು!

ಒಂದು ವರ್ಷದ ನಂತರ ಅವರು ಆ ಮನೆಯನ್ನು ಬಿಡಬೇಕಾಯಿತು. ತೊಟ್ಟಿ ದೂರವಾಯಿತು. ಇನ್ನು ಅನಿಲ ಎಲ್ಲಿ ಸಿಗಬೇಕು? ತಾವೇ ತಯಾರಿಸುವುದು ಒಂದೇ ದಾರಿ. ಸೀಮೆಸುಣ್ಣದ ಪುಡಿಯ ಮೇಲೆ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ಪ್ರಾಣಿಯ ಮೂತ್ರಕೋಶದಿಂದ ಮಾಡಿದ ಚೀಲದಲ್ಲಿ ಹಿಡಿದು, ನಳಿಕೆಯ ಮೂಲಕ ನೀರು ತುಂಬಿ ಬೋರಲು ಹಾಕಿದ ಸೀಸೆಗೆ ಕಳಿಸಿದರು. ಸೀಸೆಯನ್ನು ಚೆನ್ನಾಗಿ ಕುಲುಕಿದಾಗ ಅನಿಲ ನೀರಿನಲ್ಲಿ ಕರಗಿತು.

1772ರಲ್ಲಿ ಪ್ರೀಸ್ಟ್ಲಿ ಒಬ್ಬ ಶ್ರೀಮಂತರ ಮನೆಗೆ ಊಟಕ್ಕೆ ಹೋಗಿದ್ದರು. ಅಲ್ಲಿ ನೌಕಾಪಡೆಗಾಗಿ ಸಮುದ್ರದ ನೀರನ್ನು ಬಟ್ಟಿ ಇಳಿಸಿ ತಯಾರಿಸಿದ ನೀರನ್ನು ತೋರಿಸಿದರು. ಉಪ್ಪು ಹೋಗಿತ್ತು, ಆದರೆ ನೀರು ಸಪ್ಪೆಯಾಗಿತ್ತು. ಪ್ರೀಸ್ಟ್ಲಿಗೆ ಕೂಡಲೇ ತಮ್ಮ ಗುಳ್ಳೆ ನೀರಿನ ನೆನಪಾಯಿತು. ಅದೇ ವರ್ಷ ತಮ್ಮ ವಿಧಾನವನ್ನು ಚಿತ್ರ ಸಮೇತ ವಿವರಿಸಿ ಒಂದು ಸಣ್ಣ ಪುಸ್ತಕ ಹೊರತಂದರು. ಬೆಲೆ ಒಂದು ಷಿಲಿಂಗ್. ಯಾರು ಬೇಕಾದರೂ ಓದಿ ಮನೆಯಲ್ಲಿಯೇ ಸೋಡಾ ನೀರು ಮಾಡಿಕೊಳ್ಳಬಹುದಿತ್ತು. ಅದರಿಂದ ಹಣ ಗಳಿಸುವ ಕಡೆಗೆ ಅವರ ಮನಸ್ಸು ಹೋಗಲೇ ಇಲ್ಲ. ಅದೇ ಸಮಯದಲ್ಲಿ ಸ್ವೀಡನ್ನಿನ ಟಾರ್ಬರ್ನ್ ಬರ್ಗ್‌ಮನ್ ಎಂಬ ವಿಜ್ಞಾನಿಯೂ ಇಂಥ ನೀರನ್ನು ತಯಾರಿಸಿದ್ದರು.

ಹಣ ಗಳಿಸಿದವರು ಬೇರೆಯವರು. ಜಿನೀವಾದ ಜಾಕೋಬ್ ಶ್ವೆಪ್ 1783ರಲ್ಲಿ ಸೋಡಾ ನೀರಿನ ವ್ಯಾಪಾರ ಆರಂಭಿಸಿ, 1792ರಲ್ಲಿ ಲಂಡನ್ನಿಗೆ ಬಂದರು. 1872ರಲ್ಲಿ ಲಂಡನ್ನಿನ ಹೈರಮ್ ಕಾಡ್ ಗಾಜಿನ ಗೋಲಿಯ ಸೀಸೆಗೆ ಪೇಟೆಂಟ್ ಪಡೆದರು. ಆ ಸೀಸೆಯೇ ನಮ್ಮ ಊರುಗಳಿಗೂ ಬಂದು ಗೋಲಿ ಸೋಡಾ ಆಯಿತು.

ಗುಳ್ಳೆ ಏಳುವುದೇಕೆ?

ಈಗ ಸೀಸೆಯ ಒಳಗೆ ಏನಾಗುತ್ತದೆ ನೋಡೋಣ. ಸಾಮಾನ್ಯ ಒತ್ತಡದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದು ಲೀಟರ್ ಇಂಗಾಲದ ಡೈಆಕ್ಸೈಡ್ ಕರಗುತ್ತದೆ. ಒತ್ತಡ ಹೆಚ್ಚಿಸಿದರೆ ಇನ್ನೂ ಹೆಚ್ಚು ಕರಗುತ್ತದೆ. ಈ ನಿಯಮವನ್ನು 1803ರಲ್ಲಿ ವಿಲಿಯಂ ಹೆನ್ರಿ ವಿವರಿಸಿದರು. ಸೋಡಾ ತಯಾರಿಸುವವರು ಅನಿಲವನ್ನು ಒತ್ತಡದಿಂದ ನೀರಿಗೆ ತುಂಬಿ ಬಾಯಿ ಭದ್ರ ಮಾಡುತ್ತಾರೆ. ಗೋಲಿ ಸೋಡಾದಲ್ಲಿ ಅನಿಲದ ಒತ್ತಡವೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ.

ಗೋಲಿಯನ್ನು ಒಳಕ್ಕೆ ಒತ್ತಿದೊಡನೆ ಒತ್ತಡ ಇಳಿಯುತ್ತದೆ. ಅಷ್ಟು ಅನಿಲವನ್ನು ಹಿಡಿದಿಡಲು ನೀರಿಗೆ ಆಗುವುದಿಲ್ಲ. ಹೆಚ್ಚಾದ ಅನಿಲ ಗುಳ್ಳೆಗಳಾಗಿ ಹೊರಬರುತ್ತದೆ. ಲೋಟದ ಒಳಮೈಯ ಗೀರು, ಧೂಳಿನ ಕಣ ಇಂಥ ಜಾಗಗಳಲ್ಲಿ ಗುಳ್ಳೆಗಳು ಸುಲಭವಾಗಿ ಹುಟ್ಟುತ್ತವೆ. ಆದ್ದರಿಂದಲೇ ಕೆಲವು ಗುಳ್ಳೆಗಳು ಒಂದೇ ಜಾಗದಿಂದ ಸಾಲಾಗಿ ಏಳುವುದು. ನೀರು ತಣ್ಣಗಿದ್ದಷ್ಟೂ ಅನಿಲ ಹೆಚ್ಚು ಉಳಿಯುತ್ತದೆ. ಬಿಸಿಲಿನಲ್ಲಿಟ್ಟ ಸೋಡಾ ತೆರೆದಾಗ ಉಕ್ಕಿ ಚೆಲ್ಲುವುದಕ್ಕೂ, ಬೇಗ ಸಪ್ಪೆಯಾಗುವುದಕ್ಕೂ ಇದೇ ಕಾರಣ.

ಕರಗಿದ ಅನಿಲದ ಸ್ವಲ್ಪ ಭಾಗ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ನಾಲಿಗೆ ಚುರುಗುಟ್ಟುವುದು ಮುಖ್ಯವಾಗಿ ಈ ಆಮ್ಲದಿಂದ. ಹೊಟ್ಟೆಗೆ ಹೋದ ಅನಿಲ ತೇಗಾಗಿ ಹೊರಬರುತ್ತದೆ. ಬಣ್ಣದ ತಂಪು ಪಾನೀಯಗಳಲ್ಲಿ ಇದರ ಜೊತೆಗೆ ಸಾಕಷ್ಟು ಸಕ್ಕರೆಯೂ ಇರುತ್ತದೆ. ಹಲ್ಲಿಗೆ ಅದು ಒಳ್ಳೆಯದಲ್ಲ ಎಂಬುದು ನೆನಪಿರಲಿ.

ತಪ್ಪಿದ ಎಣಿಕೆ

ಪ್ರೀಸ್ಟ್ಲಿ ಸೋಡಾ ನೀರನ್ನು ಬಾಯಾರಿಕೆಗೆಂದು ಮಾಡಿದ್ದಲ್ಲ. ಆ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುತ್ತಿದ್ದ ನಾವಿಕರಿಗೆ ಸ್ಕರ್ವಿ ರೋಗ ಬರುತ್ತಿತ್ತು. ಒಸಡಿನಲ್ಲಿ ರಕ್ತ ಸೋರಿ, ಹಲ್ಲು ಬಿದ್ದು, ಅನೇಕರು ಸಾಯುತ್ತಿದ್ದರು. ಈ ನೀರು ಸ್ಕರ್ವಿಯನ್ನು ತಡೆಯಬಹುದು ಎಂದು ಪ್ರೀಸ್ಟ್ಲಿ ಆಶಿಸಿದ್ದರು. ಕ್ಯಾಪ್ಟನ್ ಜೇಮ್ಸ್ ಕುಕ್ 1772ರಲ್ಲಿ ಎರಡನೆಯ ಸಮುದ್ರಯಾನಕ್ಕೆ ಹೊರಟಾಗ ಈ ವಿಧಾನವನ್ನೂ ಹಡಗುಗಳಿಗೆ ಒದಗಿಸಲಾಯಿತು.

ಆದರೆ ಎಣಿಕೆ ತಪ್ಪಾಗಿತ್ತು. ಸ್ಕರ್ವಿ ಬರುವುದು ಸಿ ಜೀವಸತ್ವದ ಕೊರತೆಯಿಂದ. ಸೋಡಾ ನೀರಿನಲ್ಲಿ ಅದು ಇಲ್ಲವೇ ಇಲ್ಲ. ನಿಂಬೆ, ಕಿತ್ತಳೆ ಹಣ್ಣುಗಳಿಂದ ಸ್ಕರ್ವಿ ಗುಣವಾಗುವುದನ್ನು ಜೇಮ್ಸ್ ಲಿಂಡ್ ಎಂಬ ವೈದ್ಯರು 1747ರಲ್ಲಿಯೇ ಪ್ರಯೋಗದಿಂದ ಕಂಡಿದ್ದರು. ಒಳ್ಳೆಯ ಉದ್ದೇಶ ಇದ್ದ ಮಾತ್ರಕ್ಕೆ ಊಹೆ ನಿಜವಾಗುವುದಿಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕು.

ಪುದೀನ, ಇಲಿ ಮತ್ತು ಹೊಸ ಗಾಳಿ

ಬಾರ್ಲಿ ತೊಟ್ಟಿಯಿಂದ ಆರಂಭವಾದ ಗಾಳಿಯ ಹುಚ್ಚು ಪ್ರೀಸ್ಟ್ಲಿಯವರನ್ನು ಬಿಡಲಿಲ್ಲ. ಗಾಜಿನ ಪಾತ್ರೆಯಲ್ಲಿ ಮುಚ್ಚಿಟ್ಟ ಮೇಣದ ಬತ್ತಿ ಸ್ವಲ್ಪ ಹೊತ್ತಿಗೆ ಆರುತ್ತದೆ. ಮುಚ್ಚಿಟ್ಟ ಇಲಿ ಸಾಯುತ್ತದೆ. ಹಾಗಾದರೆ ಇಷ್ಟೊಂದು ಬೆಂಕಿ, ಇಷ್ಟೊಂದು ಪ್ರಾಣಿಗಳಿರುವ ಭೂಮಿಯ ಗಾಳಿ ಏಕೆ ಕೆಟ್ಟುಹೋಗಿಲ್ಲ? 1771ರ ಆಗಸ್ಟ್ 17ರಂದು, ಬತ್ತಿ ಉರಿದು ಆರಿದ ಗಾಳಿಯೊಳಗೆ ಅವರು ಒಂದು ಪುದೀನ ಕುಡಿಯನ್ನು ಇಟ್ಟರು. ಹತ್ತು ದಿನಗಳ ನಂತರ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಚೆನ್ನಾಗಿ ಉರಿಯಿತು! ಗಿಡಗಳು ಗಾಳಿಯನ್ನು ಸರಿಪಡಿಸುತ್ತವೆ ಎಂಬುದು ಹೀಗೆ ತಿಳಿಯಿತು. ಅದಕ್ಕೆ ಬೆಳಕೂ ಬೇಕು ಎಂದು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದರು. ನೀವು ಓದುವ ದ್ಯುತಿಸಂಶ್ಲೇಷಣೆ ಪಾಠದ ಮೊದಲ ಪುಟಗಳಿವು. ಗಾಳಿಯ ಕುರಿತ ಕೆಲಸಕ್ಕಾಗಿ ರಾಯಲ್ ಸೊಸೈಟಿ ಪ್ರೀಸ್ಟ್ಲಿಯವರಿಗೆ ಕೋಪ್ಲಿ ಪದಕ ನೀಡಿತು.

1774ರ ಆಗಸ್ಟ್ 1ರಂದು ಅವರು ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಪೀನಮಸೂರದಿಂದ ಸೂರ್ಯನ ಬಿಸಿಲನ್ನು ಬೀಳಿಸಿದರು. ಹೊರಬಂದ ಅನಿಲದಲ್ಲಿ ಮೇಣದ ಬತ್ತಿ ಬಹಳ ಪ್ರಖರವಾಗಿ ಉರಿಯಿತು. ಮುಂದಿನ ವರ್ಷ ಆ ಅನಿಲದಲ್ಲಿ ಒಂದು ಇಲಿಯನ್ನು ಬಿಟ್ಟರು. ಅಷ್ಟೇ ಸಾಮಾನ್ಯ ಗಾಳಿಯಲ್ಲಿ ಕಾಲು ಗಂಟೆ ಬದುಕಬಹುದಾದ ಇಲಿ ಅರ್ಧ ಗಂಟೆ ತಾಳಿತು. ಹೊರಗೆ ತೆಗೆದ ಮೇಲೆ ಚೇತರಿಸಿಕೊಂಡಿತು. ನಂತರ ಪ್ರೀಸ್ಟ್ಲಿ ತಾವೂ ಅದನ್ನು ಉಸಿರಾಡಿ ನೋಡಿದರು. ಅದೇ ಆಮ್ಲಜನಕ! ಸ್ವೀಡನ್ನಿನ ಕಾರ್ಲ್ ಷೀಲೆ ಇದನ್ನು ಇನ್ನೂ ಮೊದಲೇ ತಯಾರಿಸಿದ್ದರು. ಆದರೆ ಅವರ ಪುಸ್ತಕ ತಡವಾಗಿ, 1777ರಲ್ಲಿ ಪ್ರಕಟವಾಯಿತು.

ಊಟದ ಮೇಜಿನಲ್ಲಿ ಹೇಳಿದ ಗುಟ್ಟು

1774ರ ಅಕ್ಟೋಬರ್‌ನಲ್ಲಿ ಪ್ರೀಸ್ಟ್ಲಿ ಪ್ಯಾರಿಸ್ಸಿಗೆ ಹೋಗಿದ್ದರು. ಅಲ್ಲಿ ಊಟಕ್ಕೆ ಕುಳಿತಾಗ ಫ್ರಾನ್ಸಿನ ವಿಜ್ಞಾನಿ ಲವಾಸಿಯೆಗೆ ತಮ್ಮ ಹೊಸ ಅನಿಲದ ಸಂಗತಿಯನ್ನು ಇದ್ದುದು ಇದ್ದಂತೆ ಹೇಳಿಬಿಟ್ಟರು. ಲವಾಸಿಯೆ ಪ್ರಯೋಗವನ್ನು ತಾವೂ ಮಾಡಿ, ತೂಕ ಹಾಕಿ, ವಸ್ತು ಉರಿಯುವುದೆಂದರೆ ಈ ಅನಿಲದೊಡನೆ ಸೇರುವುದು ಎಂದು ವಿವರಿಸಿದರು. ಅನಿಲಕ್ಕೆ ಹೆಸರು ಕೊಟ್ಟವರೂ ಅವರೇ. ಆಮ್ಲವನ್ನು ಹುಟ್ಟಿಸುವುದು ಎಂಬುದು ಆ ಹೆಸರಿನ ಅರ್ಥ. ನಮ್ಮ ಆಮ್ಲಜನಕ ಎಂಬ ಪದಕ್ಕೂ ಅದೇ ಅರ್ಥ. ಪ್ರೀಸ್ಟ್ಲಿಯವರ ಹೆಸರು ಲವಾಸಿಯೆ ಬರೆದ ಮೊದಲ ವರದಿಯಲ್ಲಿ ಇರಲಿಲ್ಲ. ಪ್ರೀಸ್ಟ್ಲಿಗೆ ಇದರಿಂದ ಬೇಸರವಾಯಿತು.

ಆದರೆ ಪ್ರೀಸ್ಟ್ಲಿಯವರೂ ಒಂದು ಕಡೆ ಎಡವಿದರು. ವಸ್ತು ಉರಿಯುವಾಗ ಅದರೊಳಗಿನ ಫ್ಲೋಜಿಸ್ಟನ್ ಎಂಬುದು ಹೊರಹೋಗುತ್ತದೆ ಎಂದು ಹಿಂದಿನವರು ನಂಬಿದ್ದರು. ಅಂಥ ವಸ್ತುವೇ ಇಲ್ಲವೆಂದು ಲವಾಸಿಯೆ ತೋರಿಸಿಕೊಟ್ಟರೂ ಪ್ರೀಸ್ಟ್ಲಿ ಕೊನೆಯವರೆಗೂ ಹಳೆಯ ನಂಬಿಕೆಯನ್ನು ಬಿಡಲಿಲ್ಲ. ಹೊಸದನ್ನು ಕಂಡವರು ಅದರ ಅರ್ಥವನ್ನೂ ಕಾಣುತ್ತಾರೆ ಎಂದೇನೂ ಇಲ್ಲ.

ಸುಟ್ಟುಹೋದ ಪ್ರಯೋಗಶಾಲೆ

1780ರಲ್ಲಿ ಪ್ರೀಸ್ಟ್ಲಿ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದರು. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಮೊದಲಾದ ಗೆಳೆಯರು ಅಲ್ಲಿದ್ದರು. ಪ್ರೀಸ್ಟ್ಲಿ ದೇಶದ ಅಧಿಕೃತ ಚರ್ಚಿನ ಎಷ್ಟೋ ವಿಚಾರಗಳನ್ನು ಒಪ್ಪುತ್ತಿರಲಿಲ್ಲ. ಫ್ರಾನ್ಸಿನ ಜನ ರಾಜನ ಅಧಿಕಾರದ ವಿರುದ್ಧ ಎದ್ದಾಗ ಅದು ಸರಿಯೆಂದರು. ಇದನ್ನೆಲ್ಲ ಅವರು ಬಾಯಿಬಿಟ್ಟು ಹೇಳಿದರು, ಬರೆದರು. ಅನೇಕರಿಗೆ ಅವರ ಮೇಲೆ ಸಿಟ್ಟು ಬಂತು.

1791ರ ಜುಲೈ 14ರಂದು ಫ್ರಾನ್ಸಿನ ಕ್ರಾಂತಿಯ ನೆನಪಿಗಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಔತಣ ನಡೆಯಿತು. ಪ್ರೀಸ್ಟ್ಲಿ ಅದಕ್ಕೆ ಹೋಗಿಯೇ ಇರಲಿಲ್ಲ. ಆದರೂ ರೊಚ್ಚಿಗೆದ್ದ ಗುಂಪು ಅವರ ಚರ್ಚನ್ನು ಸುಟ್ಟು ಮನೆಯತ್ತ ನುಗ್ಗಿತು. ಪ್ರೀಸ್ಟ್ಲಿ ದಂಪತಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡರು. ಮನೆ, ಪುಸ್ತಕಗಳು, ವರ್ಷಗಳಿಂದ ಬರೆದಿಟ್ಟ ಹಾಳೆಗಳು, ಪ್ರಯೋಗದ ಸಲಕರಣೆಗಳು ಎಲ್ಲವೂ ಹಾಳಾದವು. ಆಗ ಅವರಿಗೆ 58 ವರ್ಷ.

ಲಂಡನ್ನಿಗೆ ಬಂದರೂ ನೆಮ್ಮದಿ ಸಿಗಲಿಲ್ಲ. ರಾಯಲ್ ಸೊಸೈಟಿಯ ಕೆಲವು ಸದಸ್ಯರೇ ಅವರನ್ನು ಕಂಡರೆ ದೂರ ಸರಿಯುತ್ತಿದ್ದರು. 1794ರ ಏಪ್ರಿಲ್‌ನಲ್ಲಿ ಹಡಗು ಹತ್ತಿ ಜೂನ್‌ನಲ್ಲಿ ಅಮೆರಿಕ ತಲುಪಿದರು. ಅವರು ಇನ್ನೂ ಸಮುದ್ರದ ಮೇಲಿದ್ದಾಗಲೇ, ಮೇ 8ರಂದು, ಪ್ಯಾರಿಸ್ಸಿನಲ್ಲಿ ಕ್ರಾಂತಿಯ ಸರ್ಕಾರ ಲವಾಸಿಯೆಗೆ ಮರಣದಂಡನೆ ವಿಧಿಸಿತು. ಒಬ್ಬರ ಮನೆಯನ್ನು ಕ್ರಾಂತಿಯ ವಿರೋಧಿಗಳು ಸುಟ್ಟರು. ಇನ್ನೊಬ್ಬರ ಪ್ರಾಣವನ್ನು ಕ್ರಾಂತಿ ಮಾಡಿದವರೇ ತೆಗೆದರು. ಇಬ್ಬರೂ ಒಂದೇ ಅನಿಲದ ಬಗ್ಗೆ ವಾದ ಮಾಡಿದವರು!

ಪೆನ್ಸಿಲ್ವೇನಿಯಾದ ನಾರ್ಥಂಬರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಪ್ರೀಸ್ಟ್ಲಿ ನೆಲೆಸಿದರು. ಅಲ್ಲಿ 1795ರಲ್ಲಿ ಕಿರಿಯ ಮಗ, ಮರುವರ್ಷ ಪತ್ನಿ ಮೇರಿ ತೀರಿಕೊಂಡರು. ದುಃಖದ ನಡುವೆಯೂ ಅವರು ಮತ್ತೆ ಪ್ರಯೋಗಶಾಲೆ ಕಟ್ಟಿದರು. ಇಂಗಾಲದ ಮೊನಾಕ್ಸೈಡ್ ಎಂಬ ಇನ್ನೊಂದು ಅನಿಲವನ್ನು ಗುರುತಿಸಿದರು. 1804ರ ಫೆಬ್ರವರಿ 6ರ ಬೆಳಿಗ್ಗೆ, ಹಾಸಿಗೆಯಲ್ಲಿದ್ದುಕೊಂಡೇ ತಮ್ಮ ಬರಹವೊಂದಕ್ಕೆ ತಿದ್ದುಪಡಿಗಳನ್ನು ಹೇಳಿ ಬರೆಸಿದರು. ಅದಾದ ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದರು. 1874ರ ಆಗಸ್ಟ್ 1ರಂದು, ಆಮ್ಲಜನಕದ ಪ್ರಯೋಗಕ್ಕೆ ನೂರು ವರ್ಷ ತುಂಬಿದಾಗ, ಅಮೆರಿಕದ ರಸಾಯನ ವಿಜ್ಞಾನಿಗಳು ಅದೇ ಊರಿನಲ್ಲಿ ಸೇರಿ ಅವರಿಗೆ ಗೌರವ ಸಲ್ಲಿಸಿದರು.

ಮಕ್ಕಳೇ, ಪ್ರೀಸ್ಟ್ಲಿಯವರ ಎಲ್ಲ ಊಹೆಗಳೂ ಸರಿಯಾಗಿರಲಿಲ್ಲ. ಆದರೆ ಮಾಡಿದ್ದನ್ನು, ಕಂಡದ್ದನ್ನು ಅವರು ಬಚ್ಚಿಡಲಿಲ್ಲ. ಆದ್ದರಿಂದಲೇ ಅವರ ಸರಿಯನ್ನು ಬೇರೆಯವರು ಮುಂದುವರಿಸಿದರು, ಅವರ ತಪ್ಪನ್ನು ಬೇರೆಯವರು ತಿದ್ದಿದರು. ವಿಜ್ಞಾನ ಬೆಳೆಯುವುದು ಹೀಗೆಯೇ. ಮುಂದಿನ ಸಲ ಗೋಲಿ ಸೋಡಾದ ಸದ್ದು ಕೇಳಿದಾಗ, ಬಾರ್ಲಿ ತೊಟ್ಟಿಯ ಮೇಲೆ ಬಗ್ಗಿ ಎರಡು ಲೋಟ ಹಿಡಿದು ನಿಂತ ಆ ಮೇಷ್ಟ್ರನ್ನು ನೆನಪಿಸಿಕೊಳ್ಳಿ.

ಮಾಡಿ ನೋಡಿ

(ಶಿಕ್ಷಕರು ಜೊತೆಯಲ್ಲಿರಲಿ. ಪ್ರೀಸ್ಟ್ಲಿ ಬಳಸಿದ ಸಲ್ಫ್ಯೂರಿಕ್ ಆಮ್ಲವನ್ನು ನೀವು ಮುಟ್ಟಬೇಡಿ. ನಿಂಬೆರಸ ಸಾಕು.)

1. ಎತ್ತರದ ಗಾಜಿನ ಲೋಟದಲ್ಲಿ ಎರಡು ಚಮಚ ಅಡುಗೆ ಸೋಡಾ ಹಾಕಿ. ಮೂರು ನಿಂಬೆಹಣ್ಣಿನ ರಸವನ್ನು ನಿಧಾನವಾಗಿ ಹಿಂಡಿ. ನೊರೆ ಇಳಿದ ಮೇಲೆ ಉರಿಯುವ ಊದುಬತ್ತಿ ಕಡ್ಡಿಯನ್ನು ಲೋಟದೊಳಗೆ ಇಳಿಸಿ. ಕೆಂಡ ಏನಾಯಿತು? ಹೊಗೆ ಯಾವ ಕಡೆ ಹೋಯಿತು?

2. ಎರಡು ಲೋಟಗಳಿಗೆ ಸಮನಾಗಿ ಸೋಡಾ ಸುರಿಯಿರಿ. ಒಂದನ್ನು ತಣ್ಣೀರಿನ ಪಾತ್ರೆಯಲ್ಲಿ, ಇನ್ನೊಂದನ್ನು ಬಿಸಿಲಿನಲ್ಲಿ ಇಡಿ. ಯಾವುದು ಮೊದಲು ಸಪ್ಪೆಯಾಯಿತು?

3. ಸೋಡಾ ತುಂಬಿದ ಲೋಟಕ್ಕೆ ನಾಲ್ಕು ಒಣದ್ರಾಕ್ಷಿ ಹಾಕಿ. ಅವು ಮುಳುಗಿ, ಮತ್ತೆ ಮೇಲೆ ಬಂದು, ಮತ್ತೆ ಮುಳುಗುತ್ತವೆ. ಏಕೆ ಎಂದು ಗೆಳೆಯರೊಡನೆ ಚರ್ಚಿಸಿ. ದ್ರಾಕ್ಷಿಯ ಸುಕ್ಕುಗಳಿಗೆ ಏನು ಅಂಟಿಕೊಂಡಿದೆ ಎಂದು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ.

ನೀವು ಕಂಡದ್ದನ್ನು ವಿಜ್ಞಾನದ ಪುಸ್ತಕದಲ್ಲಿ ಬರೆದಿಡಿ. ಬರೆದದ್ದನ್ನು ಪ್ರೀಸ್ಟ್ಲಿಯವರಂತೆ ನಾಲ್ಕು ಜನರಿಗೆ ಹೇಳಿ.